ನಾಲ್ಕು ಊರುಗಳ 999

ರಾಜ್‌ಕುಮಾರ್ ಅವರ ನೂರನೆಯ ಚಿತ್ರ ‘ಭಾಗ್ಯದ ಬಾಗಿಲು’ ತೆರೆಕಂಡದ್ದು 1968ರಲ್ಲಿ. ಅದೇ ವರ್ಷ ಅವರು ‘ಮಣ್ಣಿನ ಮಗ’ನಾದರು. ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿದ ‘ಹಣ್ಣೆಲೆ ಚಿಗುರಿದಾಗ’ ಬಂದದ್ದೂ ಆ ವರ್ಷವೇ. ಮತ್ತೆ ಅದೇ ವರ್ಷ ಕೋಟು ತೊಟ್ಟು, ಪಿಸ್ತೂಲು ಹಿಡಿದು, ಪ್ರಕಾಶ್ ಎಂಬ ಹೆಸರಿನ, 999 ಎಂಬ ಸಂಖ್ಯೆಯ ಗೂಢಚಾರನಾಗಿ ‘ಜೇಡರ ಬಲೆ’ಯಲ್ಲಿ ಕಾಣಿಸಿಕೊಂಡರು. ಬೇಡರ ಕಣ್ಣಪ್ಪನಾಗಿ, ಕನಕದಾಸನಾಗಿ, ಇಮ್ಮಡಿ ಪುಲಿಕೇಶಿಯಾಗಿ ಅವರನ್ನು ನೋಡಿದ್ದ ಜನ ಈ ಹೊಸ ವೇಷವನ್ನು ಒಂದೇ ವರ್ಷದಲ್ಲಿ ಎರಡು ಸಲ ನೋಡಿದರು. ‘ಗೋವಾದಲ್ಲಿ ಸಿ.ಐ.ಡಿ. 999’ ಕೂಡ 1968ರದೇ. 1969ರಲ್ಲಿ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’ ಬಂತು. ಒಂಬತ್ತು ವರ್ಷಗಳ ಬಿಡುವಿನ ನಂತರ, 1978ರಲ್ಲಿ, ‘ಆಪರೇಷನ್ ಡೈಮಂಡ್ ರಾಕೆಟ್’ ಬಂದು ಸರಣಿ ಮುಗಿಯಿತು.

ರಾಜ್ ಕುರಿತ ಬರಹಗಳಲ್ಲಿ ಈ ನಾಲ್ಕು ಚಿತ್ರಗಳಿಗೆ ಸಾಮಾನ್ಯವಾಗಿ ಒಂದು ಪ್ಯಾರಾ ಸಿಗುತ್ತದೆ. ಭಕ್ತ, ಅರಸ, ರೈತ, ಗೋಕಾಕ್ ಚಳವಳಿಯ ನಾಯಕ, ಹೀಗೆ ಸಾಗುವ ಕಥನದಲ್ಲಿ ಗೂಢಚಾರನಿಗೆ ಜಾಗ ಕಡಿಮೆ. ಆದರೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳಲ್ಲಿ ಹಳೆಯ ಅಭಿಮಾನಿಗಳನ್ನು ಮಾತಿಗೆಳೆದಾಗಲೆಲ್ಲ ನನಗೆ ಎದುರಾದದ್ದು ಈ 999. ಅವರ ನೆನಪನ್ನು ಬರೀ ಹಳೆಯ ಸಿನಿಮಾ ಹುಚ್ಚು ಎಂದು ಪಕ್ಕಕ್ಕಿಟ್ಟರೆ ಕನ್ನಡದ ಸಾಂಸ್ಕೃತಿಕ ಚರಿತ್ರೆಯ ಒಂದು ತುಂಡು ಕೈತಪ್ಪುತ್ತದೆ ಎಂಬುದು ನನ್ನ ಅನಿಸಿಕೆ. ಆ ತುಂಡು ಯಾವುದು ಎಂದು ಹೇಳುವ ಪ್ರಯತ್ನ ಇದು.

ರಾಮನಗರಕ್ಕೆ ಹೋಗಿ ಸಿನಿಮಾ ಎಂದ ಕೂಡಲೇ ಊರಿನವರು ರಾಮದೇವರ ಬೆಟ್ಟದತ್ತ ಕೈ ತೋರಿಸುತ್ತಾರೆ. ಅವರ ತಪ್ಪೇನಿಲ್ಲ. ಹೊರಗಿನಿಂದ ಬಂದವರೆಲ್ಲ ಕೇಳುವುದು ‘ಶೋಲೆ’ಯ ಬಗ್ಗೆಯೇ. 1973ರ ಅಕ್ಟೋಬರಿನಲ್ಲಿ ಚಿತ್ರೀಕರಣ ಶುರುವಾಗಿ, 1975ರ ಆಗಸ್ಟ್ 15ರಂದು ತೆರೆಕಂಡ ಆ ಚಿತ್ರ ಈ ಬಂಡೆಗಳನ್ನು ದೇಶಕ್ಕೆಲ್ಲ ಪರಿಚಯಿಸಿತು. ರೇಷ್ಮೆಗೂಡಿನ ಮಾರುಕಟ್ಟೆಯ ಬಳಿ ಚಹಾ ಕುಡಿಯುತ್ತಿದ್ದ ಒಬ್ಬ ಹಿರಿಯರು ಮಾತ್ರ ನನ್ನ ಪ್ರಶ್ನೆಗೆ, “ಶೋಲೆ ನಮ್ಮೂರಲ್ಲಿ ತೆಗೆದ್ರು. ಆದ್ರೆ ನಮ್ ಸಿನ್ಮಾ ಅಂದ್ರೆ ನೈನ್ ನೈನ್ ನೈನ್” ಅಂದರು. ತೆಗೆದ ಊರು ಬೇರೆ, ಸೇರಿದ ಊರು ಬೇರೆ ಎಂಬ ಈ ಲೆಕ್ಕ ನನಗೆ ಹಿಡಿಸಿತು.

ಈ ಗೂಢಚಾರ ಎಲ್ಲಿಂದ ಬಂದ ಎಂಬುದು ಎಲ್ಲರಿಗೂ ಗೊತ್ತು. 1962ರಲ್ಲಿ ‘ಡಾ. ನೋ’ ಚಿತ್ರದೊಂದಿಗೆ ಷಾನ್ ಕಾನರಿಯ ಜೇಮ್ಸ್ ಬಾಂಡ್ ತೆರೆಗೆ ಬಂದ. ಮುಂದಿನ ಐದಾರು ವರ್ಷಗಳಲ್ಲಿ ಭಾರತದ ಭಾಷೆಗಳು ಒಂದೊಂದಾಗಿ ತಮ್ಮದೇ ಬಾಂಡ್‌ಗಳನ್ನು ಮಾಡಿಕೊಂಡವು. ತೆಲುಗಿನಲ್ಲಿ 1966ರ ‘ಗೂಢಚಾರಿ 116’ ಕೃಷ್ಣ ಅವರಿಗೆ ಹೆಸರು ತಂದಿತು. ಅದೇ ಕಥೆ ಹಿಂದಿಯಲ್ಲಿ ಜಿತೇಂದ್ರರ ‘ಫರ್ಜ್’ ಆಯಿತು. ತಮಿಳಿನಲ್ಲಿ ಜೈಶಂಕರ್ ಇದ್ದರು. ಕನ್ನಡದಲ್ಲಿ ಈ ಕೆಲಸಕ್ಕೆ ಕೈಹಾಕಿದವರು ದೊರೈ–ಭಗವಾನ್. ಮುಂದೆ ‘ಕಸ್ತೂರಿ ನಿವಾಸ’ ಮಾಡಿದವರು, ವಾಣಿಯವರ ‘ಎರಡು ಕನಸು’, ಭಾರತೀಸುತರ ‘ಬಯಲುದಾರಿ’ ಕಾದಂಬರಿಗಳನ್ನು ತೆರೆಗೆ ತಂದವರು ಇವರೇ. ಕಾದಂಬರಿ ಆಧಾರಿತ ಚಿತ್ರಗಳ ಈ ಜೋಡಿ ನಿರ್ದೇಶಕರು ತಮ್ಮ ಹೆಸರನ್ನು ಗಟ್ಟಿ ಮಾಡಿಕೊಂಡದ್ದು ಪಿಸ್ತೂಲಿನ ಚಿತ್ರಗಳಿಂದ ಎಂಬುದನ್ನು ಸಾಹಿತ್ಯದ ವಿದ್ಯಾರ್ಥಿಗಳು ಗಮನಿಸಬೇಕು.

ಹಾಗೆಂದು ಗೂಢಚಾರ ಕನ್ನಡಕ್ಕೆ ಹೊರಗಿನಿಂದ ಬಂದ ಅಪರಿಚಿತನೇನಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1823ರಲ್ಲಿ, ಕೆಂಪುನಾರಾಯಣ ಬರೆದ ‘ಮುದ್ರಾಮಂಜೂಷ’ ಹೊಸಗನ್ನಡ ಗದ್ಯದ ಮೊದಲ ದೊಡ್ಡ ಹೆಜ್ಜೆಗಳಲ್ಲಿ ಒಂದು. ವಿಶಾಖದತ್ತನ ‘ಮುದ್ರಾರಾಕ್ಷಸ’ದ ವಸ್ತುವನ್ನು ಎತ್ತಿಕೊಂಡ ಆ ಕೃತಿಯಲ್ಲಿ ಚಾಣಕ್ಯನ ಬೇಹುಗಾರರು ತುಂಬಿದ್ದಾರೆ. ಇನ್ನು 1950–60ರ ದಶಕಗಳಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳು ಊರೂರಿನ ಕೈಗಳಲ್ಲಿ ಓಡಾಡುತ್ತಿದ್ದವು. ಅವರ ಪುರುಷೋತ್ತಮ, ಮಧುಸೂದನ, ಅರಿಂಜಯ ಎಂಬ ಪತ್ತೇದಾರರನ್ನು ಓದಿಯೇ ಅನೇಕರು ಓದುವ ರೂಢಿ ಮಾಡಿಕೊಂಡರು. ಮಾಗಡಿಯ ನಿವೃತ್ತ ಮೇಷ್ಟ್ರೊಬ್ಬರು, “ಪುರುಷೋತ್ತಮನ್ನ ಓದಿದ್ವಿ, ಪ್ರಕಾಶನ್ನ ನೋಡಿದ್ವಿ” ಎಂದು ಒಂದೇ ಉಸಿರಿನಲ್ಲಿ ಹೇಳಿದರು. ಅವರ ಪಾಲಿಗೆ ಪುಸ್ತಕದವನೂ ತೆರೆಯವನೂ ಒಂದೇ ಮನೆತನದವರು.

ಆದರೂ ಇಬ್ಬರಿಗೂ ವ್ಯತ್ಯಾಸವಿತ್ತು. ಪತ್ತೇದಾರ ಒಂದು ಕೊಲೆಯ, ಒಂದು ಮನೆಯ ಗುಟ್ಟು ಬಿಡಿಸುವವನು. ಗೂಢಚಾರ ದೇಶದ ಕೆಲಸ ಮಾಡುವವನು. ‘ಜೇಡರ ಬಲೆ’ಯ ಕಥೆ ಸಾಮಾನ್ಯ ಲೋಹವನ್ನು ಚಿನ್ನವಾಗಿಸುವ ಸೂತ್ರದ ಸುತ್ತ ಹೆಣೆದದ್ದು. ಇಂದು ಕೇಳಿದರೆ ಇದು ಬಾಲಿಶ ಅನ್ನಿಸಬಹುದು. ಆದರೆ ಅಂದಿನ ಪ್ರೇಕ್ಷಕರಿಗೆ ಚಿನ್ನ ಎಂಬುದು ಸರ್ಕಾರದ ಕಣ್ಗಾವಲಿನಲ್ಲಿದ್ದ ವಸ್ತು. ಚೀನಾ ಯುದ್ಧದ ಬೆನ್ನಿಗೇ, 1963ರಲ್ಲಿ, 14 ಕ್ಯಾರೆಟ್ಟಿಗಿಂತ ಹೆಚ್ಚಿನ ಶುದ್ಧತೆಯ ಒಡವೆ ಮಾಡುವುದನ್ನು ಸರ್ಕಾರ ನಿಷೇಧಿಸಿತು. ಅಕ್ಕಸಾಲಿಗರ ಮನೆಗಳಲ್ಲಿ ಒಲೆ ಆರಿತು. ಚಿನ್ನ ನಿಯಂತ್ರಣ ಕಾಯ್ದೆ ಜಾರಿಗೆ ಬಂದದ್ದು ಇದೇ 1968ರಲ್ಲಿ. ಕಳ್ಳಸಾಗಣೆ ಎಂಬ ಮಾತು ದಿನಪತ್ರಿಕೆಯಿಂದ ಸಂತೆಗೆ ಇಳಿದಿದ್ದ ಕಾಲವದು. ಎರಡನೆಯ ಚಿತ್ರದ ಗೋವಾ ಕೂಡ ಹಾಗೆಯೇ. 1961ರ ಡಿಸೆಂಬರಿನಲ್ಲಿ ಪೋರ್ಚುಗೀಸರಿಂದ ಬಿಡುಗಡೆ ಹೊಂದಿ ಏಳೇ ವರ್ಷ ಕಳೆದಿದ್ದ ಆ ನೆಲ ನಮ್ಮ ಹಳ್ಳಿಗಳವರಿಗೆ ಹೊಸದಾಗಿ ದೇಶಕ್ಕೆ ಸೇರಿದ ಜಾಗ. ಇನ್ನೂ ಒಂದು ಕಾಕತಾಳೀಯವಿದೆ. ಭಾರತ ವಿದೇಶಿ ಬೇಹುಗಾರಿಕೆಗೆಂದೇ ‘ರಾ’ ಸಂಸ್ಥೆಯನ್ನು ಕಟ್ಟಿದ್ದು 1968ರ ಸೆಪ್ಟೆಂಬರಿನಲ್ಲಿ. ಅದರ ಸುದ್ದಿ ಟೆಂಟಿನಲ್ಲಿ ಕುಳಿತವರಿಗೆ ತಲುಪಿರಲಿಲ್ಲ. ಅವರಿಗೆ ಗೊತ್ತಿದ್ದ ಪದ ಸಿ.ಐ.ಡಿ. ಆದ್ದರಿಂದ ನಮ್ಮ ಗೂಢಚಾರನೂ ಸಿ.ಐ.ಡಿ.ಯೇ ಆದ.

ಟೆಂಟಿನ ಮಾತು ಬಂದದ್ದರಿಂದ ಒಂದು ವಿಷಯ ಹೇಳಬೇಕು. ಈ ನಾಲ್ಕೂ ಊರುಗಳು ಬೆಂಗಳೂರಿನಿಂದ ಸುಮಾರು 50–60 ಕಿಲೋಮೀಟರು ದೂರದೊಳಗಿವೆ. ಆದರೂ ಬೆಂಗಳೂರಿನ ದಂಡಿನ ಪ್ರದೇಶದ ಪ್ಲಾಜಾ, ರೆಕ್ಸ್‌ನಂತಹ ಇಂಗ್ಲಿಷ್ ಚಿತ್ರಮಂದಿರಗಳು ಇಲ್ಲಿನ ರೈತರ ಮಕ್ಕಳಿಗೆ ಬೇರೆಯೇ ದೇಶ. ಕಾನರಿಯ ಬಾಂಡನನ್ನು ಇವರು ನೋಡಿರಲಿಲ್ಲ. ಹಾಗಾಗಿ ನಗರದ ವಿಮರ್ಶಕರಿಗೆ 999 ಬಾಂಡನ ನಕಲಾಗಿ ಕಂಡರೆ, ಇವರಿಗೆ ಅವನೇ ಮೂಲ. ಬಾಂಡನನ್ನು ಇವರು ನೋಡಿದ್ದು ಎಷ್ಟೋ ವರ್ಷಗಳ ನಂತರ, ಟಿ.ವಿ.ಯಲ್ಲಿ. “ಇವ್ನೂ ನಮ್ ರಾಜಣ್ಣನ್ ಥರಾನೇ ಮಾಡ್ತಾನಲ್ಲ” ಎಂದು ತಮ್ಮ ಅಣ್ಣ ಅಂದದ್ದನ್ನು ಚನ್ನಪಟ್ಟಣದ ಒಬ್ಬರು ನಗುತ್ತ ನೆನೆಸಿಕೊಂಡರು. ಯಾರು ಯಾರನ್ನು ಅನುಕರಿಸಿದರು ಎಂಬುದು ಪುಸ್ತಕದಲ್ಲಿ ಒಂದು ಕ್ರಮದಲ್ಲಿದ್ದರೆ, ಜನರ ಅನುಭವದಲ್ಲಿ ಅದಕ್ಕೆ ತಿರುವುಮುರುವಾಗಿ ಇರಬಹುದು. ಚಿತ್ರಗಳು ಟೆಂಟಿಗೆ ಬರುತ್ತಿದ್ದದ್ದೂ ತಡವಾಗಿ. ಆದ್ದರಿಂದ ಇವರು 1968 ಎನ್ನುವುದಿಲ್ಲ. ಹಿಪ್ಪುನೇರಳೆ ಹಾಕಿದ ವರ್ಷ, ಬಾವಿ ತೋಡಿಸಿದ ವರ್ಷ ಎನ್ನುತ್ತಾರೆ.

ನೆನಪುಗಳೂ ಊರಿನ ಕಸುಬಿಗೆ ತಕ್ಕಂತೆ ಇವೆ. ಚನ್ನಪಟ್ಟಣದಲ್ಲಿ ಹಾಲೆಮರ ಕಡೆದು, ಅರಗಿನ ಬಣ್ಣ ಹಚ್ಚಿ ಬೊಂಬೆ ಮಾಡುವ ಕುಟುಂಬದ ಒಬ್ಬರು ಹುಡುಗರಾಗಿದ್ದಾಗ ಉಳಿಕೆ ಮರದ ತುಂಡಿನಿಂದ ಪಿಸ್ತೂಲಿನ ನಳಿಗೆ ಕಡೆದು, ಹಿಡಿಗೆ ಮೊಳೆ ಹೊಡೆದು, ಮೂರು ಒಂಬತ್ತು ಕೊರೆದಿದ್ದರಂತೆ. ಬೊಂಬೆಗಳನ್ನು ಮಾರುವ ಮನೆಯಲ್ಲಿ ಅವರು ತಮಗಾಗಿ ಮಾಡಿಕೊಂಡ ಮೊದಲ ಆಟಿಕೆ ಅದು. ರಾಮನಗರದಲ್ಲಿ ನೂಲು ಬಿಚ್ಚುವ ಕೆಲಸ ಮಾಡಿ ವಯಸ್ಸಾದ ಒಬ್ಬ ಹೆಂಗಸು ಬೇರೆ ನೆನಪು ಹೇಳಿದರು. ಪುರಾಣದ ಚಿತ್ರಕ್ಕೆ ಮನೆಯವರೆಲ್ಲ ಗಾಡಿ ಕಟ್ಟಿಕೊಂಡು ಹೋಗುತ್ತಿದ್ದರು. 999 ಬಂದಾಗ, ಕ್ಲಬ್ಬಿನ ಕುಣಿತ ಇದೆ ಎಂಬ ಕಾರಣಕ್ಕೆ ಹೆಣ್ಣುಮಕ್ಕಳನ್ನು ಬಿಟ್ಟು ಹೋದರು. ಅಣ್ಣಂದಿರು ಬಂದು ಅಭಿನಯಿಸಿ ತೋರಿಸಿದ್ದನ್ನೇ ಅವರು ‘ನೋಡಿದ್ದು’. “ನಾನು ಸಿನ್ಮಾ ನೋಡಿಲ್ಲ, ಕಥೆ ಮಾತ್ರ ಪೂರ್ತಿ ಗೊತ್ತು” ಎಂದರು. ಅಭಿಮಾನದ ಚರಿತ್ರೆ ಬರೆಯುವಾಗ ನಾವು ಗಂಡಸರ ಶಿಳ್ಳೆಯನ್ನೇ ಕೇಳಿಸಿಕೊಳ್ಳುತ್ತೇವೆ. ಬಾಗಿಲ ಹೊರಗೆ ಉಳಿದವರ ಅಭಿಮಾನವೂ ಅದರಲ್ಲಿ ಸೇರಬೇಕು.

ಅವರೆಲ್ಲ ಪದೇ ಪದೇ ಹೇಳುವ ಇನ್ನೊಂದು ಮಾತು ಧ್ವನಿಯ ಬಗ್ಗೆ. ಗೂಢಚಾರನ ಬಾಯಲ್ಲಿ ಕನ್ನಡ. ವಿಮಾನ ನಿಲ್ದಾಣದಲ್ಲಿ, ಹೋಟೆಲಿನಲ್ಲಿ, ಕಾರಿನಲ್ಲಿ, ಟೆಲಿಫೋನಿನಲ್ಲಿ ಕನ್ನಡ. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇದು. ಆ ಹೊತ್ತಿಗೆ ರಾಜ್ಯದ ಹೆಸರು ಇನ್ನೂ ಮೈಸೂರು. ಕರ್ನಾಟಕವಾದದ್ದು 1973ರ ನವೆಂಬರ್ 1ರಂದು. ಕನ್ನಡ ಚಿತ್ರಗಳು ಬಹುಪಾಲು ಮದರಾಸಿನ ಸ್ಟುಡಿಯೊಗಳಲ್ಲಿ ತಯಾರಾಗುತ್ತಿದ್ದವು. ಅರಮನೆಯಲ್ಲಿ, ಗುಡಿಯಲ್ಲಿ, ಹೊಲದಲ್ಲಿ ಕನ್ನಡ ಮಾತಾಡುವ ನಾಯಕ ಹೊಸಬನಲ್ಲ. ಕೋಟು ತೊಟ್ಟವನು, ಸಾಹೇಬನಂತೆ ಕಾಣುವವನು ಅಚ್ಚುಕಟ್ಟಾಗಿ ಕನ್ನಡ ಮಾತಾಡುವುದು ಹೊಸದು. ತಾಲ್ಲೂಕು ಕಚೇರಿಯಲ್ಲಿ ಕೋಟಿನವರು ಇಂಗ್ಲಿಷಿನಲ್ಲಿ ಮಾತಾಡಿದರೆ ಕೈಕಟ್ಟಿ ನಿಲ್ಲುತ್ತಿದ್ದ ಅಪ್ಪಂದಿರ ಮಕ್ಕಳು ಇದನ್ನು ನೋಡಿದರು. 1982ರಲ್ಲಿ ಗೋಕಾಕ್ ವರದಿಯ ಜಾರಿಗಾಗಿ ರಾಜ್ ಊರೂರು ಸುತ್ತಿದಾಗ ಲಕ್ಷಾಂತರ ಜನ ಬಂದರು. ಕನ್ನಡಕ್ಕೆ ಶಾಲೆಯಲ್ಲಿ ಮೊದಲ ಸ್ಥಾನ ಕೇಳುವ ಮುಂಚೆ, ಕನ್ನಡ ಹಳೆಯ ಕಾಲದ ಭಾಷೆ ಮಾತ್ರ ಅಲ್ಲ ಎಂಬ ನಂಬಿಕೆ ಜನರಲ್ಲಿ ಹುಟ್ಟಬೇಕಿತ್ತು. ಅದನ್ನು ಹುಟ್ಟಿಸಿದವರು ಅನೇಕರು, ಲೇಖಕರೂ ಸೇರಿದಂತೆ. ಆ ಪಟ್ಟಿಯಲ್ಲಿ ಮಯೂರ, ಕೃಷ್ಣದೇವರಾಯರ ಪಕ್ಕದಲ್ಲಿ 999ಕ್ಕೂ ಒಂದು ಜಾಗ ಕೊಡಬೇಕು ಎಂಬುದು ನನ್ನ ವಾದ.

ಹಾಡಿನ ಧ್ವನಿಯಲ್ಲೂ ಒಂದು ಕಥೆಯಿದೆ. ಮೊದಲ ಮೂರು ಚಿತ್ರಗಳ ಕಾಲದಲ್ಲಿ ರಾಜ್‌ಗೆ ಹಾಡುತ್ತಿದ್ದವರು ಪಿ.ಬಿ. ಶ್ರೀನಿವಾಸ್. 1974ರ ‘ಸಂಪತ್ತಿಗೆ ಸವಾಲ್’ ನಂತರ ರಾಜ್ ತಮ್ಮ ಹಾಡುಗಳನ್ನು ತಾವೇ ಹಾಡತೊಡಗಿದರು. ಹೀಗಾಗಿ 1978ರಲ್ಲಿ ಹಿಂದಿರುಗಿದ 999 ಸ್ವಂತ ಕಂಠದ 999. ಜಿ.ಕೆ. ವೆಂಕಟೇಶ್ ಸಂಗೀತದ ಆ ಚಿತ್ರದಲ್ಲಿ ರಾಜ್ ಇಡೀ ಒಂದು ಇಂಗ್ಲಿಷ್ ಹಾಡು ಹಾಡಿದ್ದಾರೆ. ಇತ್ತೀಚಿನ ವರ್ಷಗಳಲ್ಲಿ ಅದು ಮೊಬೈಲುಗಳಲ್ಲಿ ಹರಿದಾಡಿ, ಕನ್ನಡ ಬಾರದವರಿಗೂ ಪರಿಚಯವಾಯಿತು. ಕೆಲವರು ನಗಲೆಂದು ಹಂಚಿಕೊಂಡರು. ಹೆಚ್ಚು ಓದದೆ, ಚಿಕ್ಕ ವಯಸ್ಸಿಗೇ ಗುಬ್ಬಿ ವೀರಣ್ಣನವರ ಕಂಪನಿ ಸೇರಿದವರು ಐವತ್ತರ ಹತ್ತಿರದ ವಯಸ್ಸಿನಲ್ಲಿ ಕೂತು ಆ ಭಾಷೆಯ ಉಚ್ಚಾರ ಕಲಿತು ಹಾಡಿದ್ದು ಹಳೆಯ ಅಭಿಮಾನಿಗಳಿಗೆ ನಗುವ ವಿಷಯವಲ್ಲ.

ಇಲ್ಲಿ ಕಾನರಿಯ ನೆನಪಾಗುತ್ತದೆ. ಆತ ಹುಟ್ಟಿದ್ದು 1930ರಲ್ಲಿ, ರಾಜ್ 1929ರಲ್ಲಿ. ಒಬ್ಬ ಎಡಿನ್‌ಬರೋದಲ್ಲಿ ಮನೆಮನೆಗೆ ಹಾಲು ಹಾಕಿದವನು, ಇನ್ನೊಬ್ಬರು ಗಾಜನೂರಿನ ನಾಟಕದ ನಟನ ಮಗ. ಇಬ್ಬರೂ ಕೋಟನ್ನು ಹುಟ್ಟಿನಿಂದ ಪಡೆದವರಲ್ಲ, ಕಲಿತು ತೊಟ್ಟವರು. ಆದರೆ ಅಭಿಮಾನಿಗಳ ನೆನಪು ಇಬ್ಬರ ವಿಷಯದಲ್ಲೂ ಒಂದೇ ಬಗೆಯದಲ್ಲ. 2017ರಲ್ಲಿ ರೋಜರ್ ಮೂರ್, 2020ರಲ್ಲಿ ಕಾನರಿ ತೀರಿಕೊಂಡಾಗ ಜಗತ್ತು ಒಬ್ಬ ಬಾಂಡನನ್ನು ಕಳೆದುಕೊಂಡಿತು, ಬಾಂಡ್ ಉಳಿದ. ಪಾತ್ರ ಒಂದು ಅಂಗಿಯಂತೆ ನಟನಿಂದ ನಟನಿಗೆ ದಾಟಿತ್ತು. 999 ಮಾತ್ರ ಬೇರೆ ಯಾರ ಮೈಗೂ ಹೋಗಲಿಲ್ಲ. ಪಾತ್ರವನ್ನೂ ಮನುಷ್ಯನನ್ನೂ ಬೇರೆ ಮಾಡಿ ನೋಡುವ ರೂಢಿ ಈ ಅಭಿಮಾನಕ್ಕೆ ಬರಲೇ ಇಲ್ಲ.

ಇದರ ನೋವು ಗೊತ್ತಾದದ್ದು 2000ದಲ್ಲಿ. ಜುಲೈ 30ರ ರಾತ್ರಿ ಗಾಜನೂರಿನ ಮನೆಯಿಂದ ವೀರಪ್ಪನ್ 71 ವರ್ಷದ ರಾಜ್ ಅವರನ್ನು ಕಾಡಿಗೆ ಕರೆದೊಯ್ದ. ಕನಕಪುರದವರಿಗೆ ಆ ಕಾಡು ದೂರದ್ದಲ್ಲ. ತಾಲ್ಲೂಕಿನ ದಕ್ಷಿಣದ ಅಂಚು ಕಾವೇರಿ ವನ್ಯಧಾಮ. ಬೆಂಗಳೂರಿನಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲದ ಮೇಲೆ ಹೋಗುವ ದಾರಿಯೇ ಚಾಮರಾಜನಗರ ದಾಟಿ ಸತ್ಯಮಂಗಲದ ಕಾಡಿಗೆ ಇಳಿಯುತ್ತದೆ. ಬೇಡಿಕೆಗಳು ಕ್ಯಾಸೆಟ್ಟಿನಲ್ಲಿ ಬಂದವು, ಸಂಧಾನಕಾರರು ಹೋಗಿ ಬಂದರು, 108 ದಿನ ಕಳೆದು ನವೆಂಬರ್ 15ಕ್ಕೆ ಬಿಡುಗಡೆಯಾಯಿತು. ಆ ದಿನಗಳಲ್ಲಿ ಕನಕಪುರದ ಬಸ್ ನಿಲ್ದಾಣದ ಬಳಿಯ ಅಂಗಡಿಯಲ್ಲಿ ಯಾರೋ, “999 ಆಗಿದ್ರೆ ಅರ್ಧ ಗಂಟೇಲಿ ಆಚೆ ಬಂದಿರೋರು” ಎಂದರಂತೆ. ತಮಾಷೆಗೆ ಹೇಳಿದ ಮಾತು, ಯಾರೂ ನಗಲಿಲ್ಲ ಎಂದು ಅಲ್ಲಿದ್ದವರು ನನಗೆ ಹೇಳಿದರು. ಬಲೆ ಹರಿದು ಬರುವ ನಾಯಕನನ್ನು ಮೂವತ್ತು ವರ್ಷ ನೆನೆದವರು ಮೊದಲ ಸಲ ಒಬ್ಬ ವಯಸ್ಸಾದ ಮನುಷ್ಯನನ್ನು ನೆನೆದು ಹೆದರಿದರು.

ಆ 108 ದಿನಗಳಲ್ಲಿ ಅಭಿಮಾನಕ್ಕೂ ಕಾನೂನಿಗೂ ನಡುವೆ ಎದ್ದ ಪ್ರಶ್ನೆಯನ್ನು ಮರೆಯಬಾರದು. ವೀರಪ್ಪನ್ ಬೇಡಿಕೆಯಂತೆ ಟಾಡಾ ಬಂದಿಗಳನ್ನು ಬಿಡಲು ಸರ್ಕಾರ ಮುಂದಾದಾಗ, ಅವನ ತಂಡದ ಕೈಯಲ್ಲಿ ಹತನಾದ ಪೊಲೀಸ್ ಅಧಿಕಾರಿಯೊಬ್ಬರ ತಂದೆ ಸುಪ್ರೀಂ ಕೋರ್ಟಿಗೆ ಹೋದರು. ನ್ಯಾಯಾಲಯ ಆ ಬಿಡುಗಡೆಯನ್ನು ತಡೆಯಿತು. ತೆರೆಯ ಮೇಲೆ ಕಾನೂನಿನ ಪರ ಹೋರಾಡಿದ ಗೂಢಚಾರನ ಅಭಿಮಾನಿಗಳು, ಕಾನೂನು ಸ್ವಲ್ಪ ಬಾಗಲಿ ಎಂದು ಹರಕೆ ಹೊತ್ತಿದ್ದರು. ಮಗನನ್ನು ಕಳೆದುಕೊಂಡ ಆ ತಂದೆ ಕೇಳಿದ್ದೂ ನ್ಯಾಯವೇ.

2006ರ ಏಪ್ರಿಲ್ 12ರಂದು, 77 ತುಂಬಲು 12 ದಿನ ಇದ್ದಾಗ, ರಾಜ್ ತೀರಿಕೊಂಡರು. ರಾಮನಗರ ಇನ್ನೂ ಜಿಲ್ಲೆಯಾಗಿರಲಿಲ್ಲ. ನಾಲ್ಕೂ ತಾಲ್ಲೂಕುಗಳು ಬೆಂಗಳೂರು ಗ್ರಾಮಾಂತರದಲ್ಲಿದ್ದವು. ಆಗಿನ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ರಾಮನಗರದ ಶಾಸಕರು. ಇಲ್ಲಿಂದ ಬಸ್ಸು, ಲಾರಿ ಹಿಡಿದು ಬೆಂಗಳೂರಿಗೆ ಹೊರಟವರಲ್ಲಿ ಕೆಲವರು ದಾರಿಯಲ್ಲೇ ಸಿಕ್ಕಿಕೊಂಡರು, ಕೆಲವರು ಕಂಠೀರವ ಸ್ಟುಡಿಯೊದವರೆಗೆ ನಡೆದರು. ಆ ಎರಡು ದಿನ ಬೆಂಗಳೂರಿನಲ್ಲಿ ಬೆಂಕಿ, ಕಲ್ಲು, ಗೋಲಿಬಾರ್. ಪೊಲೀಸ್ ಸಿಬ್ಬಂದಿಯೊಬ್ಬರೂ ಸೇರಿ ಎಂಟು ಜನ ಸತ್ತರು. ಈ ವಿಷಯ ಬಂದಾಗ ನಾಲ್ಕೂ ಊರುಗಳಲ್ಲಿ ಮಾತು ಸಣ್ಣದಾಗುತ್ತದೆ. “ದೇವ್ರು ಅಂತ ಕರೆದೋರ ಮನೆ ಮುಂದೆ ನಾವು ಹಂಗ್ ಮಾಡ್ಬಾರ್ದಿತ್ತು” ಎಂದು ಮಾಗಡಿಯ ಮೇಷ್ಟ್ರು ಅಂದರು. ರಾಜ್ ತಮ್ಮ ಪ್ರೇಕ್ಷಕರನ್ನು ಕರೆಯುತ್ತಿದ್ದದ್ದೇ ಅಭಿಮಾನಿ ದೇವರುಗಳು ಎಂದು. ಮೇಷ್ಟ್ರು ನೊಂದದ್ದು ಆ ಹೆಸರಿಗೆ ತಕ್ಕಂತೆ ನಡೆದುಕೊಳ್ಳಲಿಲ್ಲವಲ್ಲ ಎಂದು.

ರಾಜ್ ತಮ್ಮ ಕಣ್ಣುಗಳನ್ನು ದಾನ ಮಾಡಿದ್ದರು. 1994ರಲ್ಲಿ ನಾರಾಯಣ ನೇತ್ರಾಲಯದಲ್ಲಿ ಅವರ ಹೆಸರಿನ ನೇತ್ರ ಬ್ಯಾಂಕ್ ಶುರುವಾದಾಗಲೇ ಮಾತು ಕೊಟ್ಟಿದ್ದರು. 2021ರ ಅಕ್ಟೋಬರ್ 29ರಂದು ಪುನೀತ್ ತೀರಿಕೊಂಡಾಗ ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. ತಾನೂ ನೇತ್ರದಾನದ ಕಾಗದಕ್ಕೆ ಸಹಿ ಹಾಕಿದ್ದೇನೆ ಎಂದು ಮರದ ಪಿಸ್ತೂಲು ಮಾಡಿದ್ದ ಚನ್ನಪಟ್ಟಣದವರು ಹೇಳಿದರು. ಅಭಿಮಾನ ಬೆಂಕಿಯೂ ಆಗಬಲ್ಲದು, ಸಹಿಯೂ ಆಗಬಲ್ಲದು. ಎರಡೂ ಒಂದೇ ಜನರಿಂದ ಬಂದದ್ದು.

ನವೆಂಬರ್ 1ಕ್ಕೆ ಈ ಊರುಗಳ ವೃತ್ತಗಳಲ್ಲಿ ರಾಜ್ ಚಿತ್ರ ಇಡುತ್ತಾರೆ. ಕಿರೀಟದ ರಾಜ್, ಬಿಳಿ ಪಂಚೆಯ ರಾಜ್. ಕೋಟಿನ ರಾಜ್ ಅವರನ್ನು ನಾನು ಅಲ್ಲಿ ಕಂಡಿಲ್ಲ. 1968ರಲ್ಲಿ ಹತ್ತು ವರ್ಷದವರಾಗಿದ್ದವರು ಈಗ ಎಪ್ಪತ್ತರ ಹತ್ತಿರ ಇದ್ದಾರೆ. ಟೆಂಟುಗಳು ಹೋದವು. ಜಯಂತಿ 2021ರಲ್ಲಿ, ಭಗವಾನ್ 2023ರಲ್ಲಿ ತೀರಿಕೊಂಡರು. ಚಿತ್ರಗಳು ಮೊಬೈಲಿನಲ್ಲಿ ಸಿಗುತ್ತವೆ, ಆದರೆ ಅವನ್ನು ನೆಲದ ಮೇಲೆ ಕುಳಿತು ನೋಡಿದವರಿಗೆ, ನೋಡಲು ಬಿಡದೆ ಮನೆಯಲ್ಲಿ ಉಳಿದವರಿಗೆ ಏನನ್ನಿಸಿತು ಎಂಬುದು ಯಾವ ಮೊಬೈಲಿನಲ್ಲೂ ಇಲ್ಲ. ಚರಿತ್ರೆ, ಸಾಹಿತ್ಯ ಓದುತ್ತಿರುವ ಗೆಳೆಯರು ತಮ್ಮ ಮನೆಯ ಹಿರಿಯರನ್ನು ಕೂರಿಸಿಕೊಂಡು ಒಂದು ಸಂಜೆ ಕೇಳಬಹುದು: ಕೋಟು ತೊಟ್ಟವನೊಬ್ಬ ನಿಮ್ಮ ಭಾಷೆಯಲ್ಲಿ ಮಾತಾಡಿದ್ದನ್ನು ಮೊದಲು ಎಲ್ಲಿ ಕೇಳಿದಿರಿ? ಹಲವರ ಉತ್ತರ ಮೂರು ಒಂಬತ್ತು ಆಗಿರುತ್ತದೆ ಎಂದು ನಾನು ಅಂದುಕೊಂಡಿದ್ದೇನೆ. ಅದನ್ನು ಬರೆದಿಟ್ಟುಕೊಳ್ಳಲು ಇನ್ನು ಹೆಚ್ಚು ವರ್ಷ ಉಳಿದಿಲ್ಲ.